ಹೋಟೆಲಿನಲ್ಲಿ ಕೂತು ಉಣ್ಣುವುದೂ ಹಕ್ಕೇ

ಅಕ್ಕತಂಗಿಯರೇ, ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ವರದಕ್ಷಿಣೆ ಸಾವು, ಹೊಡೆತ, ಕೋರ್ಟು, ಜೀವನಾಂಶ ಇವುಗಳ ಬಗ್ಗೆ ಓದುತ್ತೇವೆ. ನಾನು ಇಂದು ಹೋಟೆಲಿನ ಬಗ್ಗೆ ಬರೆಯಲು ಕೂತಿದ್ದೇನೆ. ಇಡ್ಲಿ ದೋಸೆಯ ಮಾತಿಗೂ ನಮ್ಮ ಹೋರಾಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ದಿನದ ಘಟನೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

ನಮ್ಮ ದೇವಸಮುದ್ರ ಹೋಬಳಿಯ ಒಂದು ಹಳ್ಳಿಯ ಹುಡುಗಿ. ವಯಸ್ಸು ಇಪ್ಪತ್ನಾಲ್ಕು, ಕಂಕುಳಲ್ಲಿ ಒಂದೂವರೆ ವರ್ಷದ ಮಗು. ಮದುವೆಯಲ್ಲಿ ಎರಡು ಲಕ್ಷ ನಗದು, ನಾಲ್ಕು ತೊಲ ಬಂಗಾರ, ಒಂದು ಮೋಟಾರ್ ಸೈಕಲ್ ಕೊಟ್ಟಿದ್ದರು. ಅಪ್ಪನ ಶೇಂಗಾ ಹೊಲದಲ್ಲಿ ಒಂದೂವರೆ ಎಕರೆ ಅದಕ್ಕೇ ಹೋಯಿತು. ಮೂರನೆಯ ವರ್ಷ ಅವಳು ಕಿವಿಯ ತಮಟೆ ಹರಿಸಿಕೊಂಡು ತವರಿಗೆ ಬಂದಳು. ಜೀವನಾಂಶಕ್ಕೆ ಅರ್ಜಿ ಹಾಕಿದ್ದಳು. ಆ ದಿನ ಅವಳ ಜೊತೆ ಕೋರ್ಟಿಗೆ ನಾನೂ ಹೋಗಿದ್ದೆ.

ಬೆಳಿಗ್ಗೆ ಆರರ ಬಸ್ಸು. ಮನೆಯಲ್ಲಿ ಏನೂ ತಿನ್ನದೆ ಹೊರಟಿದ್ದೆವು. ಹನ್ನೊಂದಕ್ಕೆ ಕೇಸು ಕರೆದರು, ರಾಜಿಯ ಮಾತು ಇದೆಯೆಂದು ಮಧ್ಯಾಹ್ನ ಮೂರು ಗಂಟೆಗೆ ಮುಂದೂಡಿದರು. ಕೋರ್ಟಿನ ಎದುರಿಗೇ ಒಂದು ಹೋಟೆಲು. ಗಂಡ, ಅವನ ಚಿಕ್ಕಪ್ಪ, ಇನ್ನಿಬ್ಬರು ಹಿರಿಯರು ಅಲ್ಲಿಗೆ ನಡೆದರು. ಹೋಗುವಾಗ ಹುಡುಗಿಯ ಅಪ್ಪನನ್ನೂ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದರು. ‘ಬರ್ರಿ ಮಾವ, ಊಟ ಮಾಡ್ಕಂಡು ಮಾತಾಡಾನ’ ಎಂದರು. ನಾವಿಬ್ಬರು ಬೇವಿನ ಮರದ ಕೆಳಗೆ ಕೂತೆವು. ನನ್ನ ಚೀಲದಲ್ಲಿ ಒಂದು ಬಾಟಲಿ ನೀರು, ಒಂದು ಪೊಟ್ಟಣ ಬಿಸ್ಕತ್ತು ಇತ್ತು. ಅದೂ ಮಗುವಿಗೆ ಆಯಿತು.

ಹೋಗಿ ಊಟ ಮಾಡೋಣವೇ ಎಂದು ಕೇಳಿದೆ. ಹುಡುಗಿ ಹೋಟೆಲಿನ ಬಾಗಿಲ ಕಡೆ ನೋಡಿ, ‘ಬ್ಯಾಡ ಮೇಡಮ್ಮೋರೆ, ತುಂಬಾ ಗಂಡಸ್ರೇ ಅದಾರೆ’ ಎಂದಳು. ನಾನೂ ಒತ್ತಾಯ ಮಾಡಲಿಲ್ಲ. ಎಂ.ಎ. ಓದಿದವಳು, ಇಷ್ಟು ವರ್ಷ ಪಾಠ ಹೇಳಿದವಳು, ನಾನೂ ಎದ್ದು ಆ ಬಾಗಿಲು ದಾಟಲಿಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಎರಡೂವರೆಗೆ ಗಂಡಸರು ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದರು. ಅಪ್ಪ ಮಗಳ ಹತ್ತಿರ ಬಂದು, ‘ಒಂದೂವರೆ ಲಕ್ಷಕ್ಕೆ ಮುಗಿಸೋದು ಅಂತ ಆಗೈತೆ ಕಣವ್ವ, ಬಂಗಾರದ ಮಾತು ಎತ್ತಬ್ಯಾಡ’ ಎಂದ. ಹುಡುಗಿಗೆ ತಲೆ ಸುತ್ತುತ್ತಿತ್ತು. ಮಗು ಅಳುತ್ತಿತ್ತು. ಐದರ ಬಸ್ಸು ತಪ್ಪಿದರೆ ಊರಿಗೆ ಹೋಗುವುದು ಕಷ್ಟ. ನಿನಗೆ ಒಪ್ಪಿಗೆಯೇ ಎಂದು ಕೇಳಿದಾಗ ಹೂಂ ಎಂದಳು. ಸಹಿ ಮಾಡಿದಳು. ಬಸ್ಸಿನಲ್ಲಿ ಮಗುವನ್ನು ನನ್ನ ತೊಡೆಗೆ ಕೊಟ್ಟು, ‘ಒಂದು ತುತ್ತು ಉಂಡಿದ್ರೆ ಇನ್ನೊಂದು ಮಾತು ಆಡ್ತಿದ್ನೇನೋ’ ಎಂದಳು.

ಆ ಮಾತು ನನ್ನ ನಿದ್ದೆ ಕೆಡಿಸಿತು. ಆಮೇಲೆ ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವಳ ಮದುವೆಯ ವರದಕ್ಷಿಣೆಯ ಮಾತೂ ಒಂದು ಹೋಟೆಲಿನಲ್ಲೇ ಮುಗಿದಿತ್ತು. ಮನೆಯಲ್ಲಿ ಹುಡುಗಿ ತೋರಿಸುವ ಶಾಸ್ತ್ರ. ಅವಳ ಕೈಯಿಂದ ಉಪ್ಪಿಟ್ಟು, ಕೇಸರಿಬಾತು ಕೊಡಿಸಿದರು. ಆಮೇಲೆ ಗಂಡಸರು ‘ಹಂಗೇ ಒಂದು ಟೀ ಕುಡ್ಕಂಡು ಬರ್ತೀವಿ’ ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಎರಡು ಲಕ್ಷ, ನಾಲ್ಕು ತೊಲ ಎಂದು ಗೊತ್ತು ಮಾಡಿಕೊಂಡು ಬಂದರು. ಅವ್ವನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಕಟ್ಟುವ ಮಾತೂ ಹೋಟೆಲಿನಲ್ಲಿ, ಬಿಡಿಸುವ ಮಾತೂ ಹೋಟೆಲಿನಲ್ಲಿ. ಎರಡು ಸಲವೂ ಯಾರ ಬದುಕಿನ ಮಾತೋ ಅವಳು ಹೊರಗೆ.

ಈಗ ನಮ್ಮ ಊರುಗಳ ಹೋಟೆಲನ್ನು ಕಣ್ಣಮುಂದೆ ತಂದುಕೊಳ್ಳಿ. ತಗಡಿನ ಚಪ್ಪರ, ನಾಲ್ಕು ಬೆಂಚು, ಹೊಗೆ ಹಿಡಿದ ಗೋಡೆಯ ಮೇಲೆ ದೇವರ ಪಟ. ಬೆಳಕು ಹರಿಯುವ ಮೊದಲೇ ಒಲೆ ಉರಿಯುತ್ತದೆ. ಮುಂಜಾನೆ ಇಡ್ಲಿ, ಪೂರಿ, ಚಿತ್ರಾನ್ನ. ಮಧ್ಯಾಹ್ನ ಅನ್ನ ಸಾರು. ಸಂಜೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕೊನೆಯ ಬಸ್ಸು ಹೋಗುವವರೆಗೆ ಟೀ. ದಿನವಿಡೀ ತೆರೆದಿರುವ ಜಾಗ ಊರಿನಲ್ಲಿ ಅದೊಂದೇ. ದೇವಸ್ಥಾನಕ್ಕೂ ಹೊತ್ತು ಉಂಟು, ಪಂಚಾಯಿತಿ ಕಚೇರಿಗೂ ಹೊತ್ತು ಉಂಟು, ಹೋಟೆಲಿಗೆ ಇಲ್ಲ.

ಅಲ್ಲಿ ಬರೀ ತಿಂಡಿ ಸಿಗುವುದಿಲ್ಲ. ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಯಾವ ದರಕ್ಕೆ ಹೋಯಿತು ಎನ್ನುವುದು ಅಲ್ಲಿ ತಿಳಿಯುತ್ತದೆ. ಬೆಳೆ ವಿಮೆಗೆ ಅರ್ಜಿ ಕೊಡುವ ಕೊನೆಯ ದಿನ, ಮನೆ ಮಂಜೂರಾತಿಯ ಪಟ್ಟಿಯಲ್ಲಿ ಯಾರ ಹೆಸರು, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಯಾರಿಗೆ ಕೆಲಸ ಖಾಲಿ ಇದೆ, ಎಲ್ಲ ಅಲ್ಲಿಯೇ. ಪಂಚಾಯಿತಿ ಸದಸ್ಯೆಯಾಗಿ ಆರಿಸಿ ಬಂದ ನಮ್ಮ ಅಕ್ಕ ಮನೆಯಲ್ಲಿ ರೊಟ್ಟಿ ತಟ್ಟುತ್ತಿರುತ್ತಾಳೆ, ಅವಳ ಗಂಡ ಹೋಟೆಲಿನ ಬೆಂಚಿನ ಮೇಲೆ ಕೂತು ‘ಸದಸ್ಯ’ನಾಗಿರುತ್ತಾನೆ. ಆದ್ದರಿಂದ ಹೋಟೆಲಿನ ಬಾಗಿಲು ಮುಚ್ಚಿದೆ ಎಂದರೆ ದೋಸೆಯೊಂದೇ ತಪ್ಪಿತು ಎಂದಲ್ಲ. ಸುದ್ದಿ ತಪ್ಪಿತು, ಸ್ನೇಹ ತಪ್ಪಿತು, ಅಧಿಕಾರ ತಪ್ಪಿತು.

ಇದು ಹಳ್ಳಿಯ ಓದಿಲ್ಲದ ಹೆಂಗಸರ ಕತೆ ಮಾತ್ರ ಎಂದುಕೊಳ್ಳಬೇಡಿ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಹನ್ನೊಂದು ಗಂಟೆಗೆ ಗಂಡಸು ಅಧ್ಯಾಪಕರೆಲ್ಲ ಎದುರಿನ ಹೋಟೆಲಿಗೆ ಕಾಫಿಗೆ ಹೋಗುತ್ತಿದ್ದರು. ನಾವು ಮೂವರು ಹೆಂಗಸರು ಸ್ಟಾಫ್ ರೂಮಿನಲ್ಲಿ ಫ್ಲಾಸ್ಕ್ ಬಿಚ್ಚುತ್ತಿದ್ದೆವು. ಅವರು ಹಿಂತಿರುಗುವ ಹೊತ್ತಿಗೆ ವೇಳಾಪಟ್ಟಿ, ಪರೀಕ್ಷೆಯ ಕೆಲಸ, ಯಾರು ಯಾವ ಸಮಿತಿಗೆ ಎಂಬುದೆಲ್ಲ ತೀರ್ಮಾನವಾಗಿರುತ್ತಿತ್ತು. ಸಭೆ ಕರೆದಾಗ ನಮಗೆ ಸಹಿ ಹಾಕುವ ಕೆಲಸ ಮಾತ್ರ. ‘ನೀವೂ ಬರಬಹುದಿತ್ತಲ್ಲ ಮೇಡಂ’ ಎಂದು ನಗುತ್ತಿದ್ದರು. ಹೋಗಿದ್ದರೆ ಮರುದಿನ ಊರಲ್ಲಿ ಯಾವ ಮಾತು ಹುಟ್ಟುತ್ತಿತ್ತು ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಪೇಟೆಯ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಇರುತ್ತದೆ. ಪರದೆ ಹಾಕಿದ, ಗಾಳಿ ಬಾರದ ಮೂಲೆ. ಹೆಂಗಸು ಎಂದರೆ ಫ್ಯಾಮಿಲಿ. ಗಂಡನೋ, ಅಣ್ಣನೋ, ಮಗನೋ ಕರೆತಂದರೆ ಅವಳಿಗೆ ಪ್ರವೇಶ. ಒಬ್ಬಳೇ ಹೋದರೆ ಮಾಣಿ ಲೋಟ ಇಡುವ ಮೊದಲೇ ‘ಯಾರು ಬರ್ತಾರಮ್ಮಾ?’ ಎಂದು ಕೇಳುತ್ತಾನೆ. ಯಾರೂ ಬರುವುದಿಲ್ಲ, ನನಗೇ ಹಸಿವಾಗಿದೆ ಎಂದು ಹೇಳಲು ನಮಗೆ ಯಾಕೆ ಬಾಯಿ ಬರುವುದಿಲ್ಲ?

ಬಾಯಿ ಬಾರದಂತೆ ನಮ್ಮನ್ನು ಬೆಳೆಸಲಾಗಿದೆ. ಎಲ್ಲರೂ ಉಂಡ ಮೇಲೆ ಉಣ್ಣುವವಳು ಒಳ್ಳೆಯ ಸೊಸೆ. ಮುದ್ದೆ ಮುರಿದರೆ ದೊಡ್ಡದು ಗಂಡಸರಿಗೆ, ಸಾರಿನ ತಳ ನಮಗೆ. ಹಸಿವಾಯಿತು ಎನ್ನುವುದೇ ಹೆಣ್ಣಿಗೆ ಅವಮಾನ ಎಂದು ಅವ್ವ ನಮಗೆ ಕಲಿಸಿದಳು, ಅವಳಿಗೆ ಅವಳ ಅವ್ವ ಕಲಿಸಿದಳು. ಬಡಿಸುವ ಕೈ ನಮ್ಮದು, ತಟ್ಟೆ ಅವರದು. ಆ ತಟ್ಟೆಯಲ್ಲಿ ಉಪ್ಪು ಹೆಚ್ಚು ಕಡಿಮೆಯಾದರೆ ಅದೇ ತಟ್ಟೆ ನಮ್ಮ ತಲೆಗೆ ಬೀಳುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ಸರ್ಕಾರವೇ ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡ ಹೆಂಡತಿಗೆ ಹೊಡೆಯುವುದು ಯಾವ ಸಂದರ್ಭದಲ್ಲಿ ಸರಿ ಎಂದು ಏಳು ಕಾರಣ ಮುಂದಿಟ್ಟು ಕೇಳಿದರು. ಅಡುಗೆ ಸರಿಯಾಗಿ ಮಾಡದಿದ್ದರೆ ಎಂಬುದು ಅದರಲ್ಲಿ ಒಂದು. ಹೇಳದೆ ಹೊರಗೆ ಹೋದರೆ ಎಂಬುದು ಇನ್ನೊಂದು. ನಮ್ಮ ಕರ್ನಾಟಕದಲ್ಲಿ ನಾಲ್ವರಲ್ಲಿ ಮೂವರು ಹೆಂಗಸರು, ಈ ಏಳರಲ್ಲಿ ಒಂದಾದರೂ ಕಾರಣಕ್ಕೆ ಹೊಡೆದರೆ ತಪ್ಪಿಲ್ಲ ಎಂದರು. ಹೇಳಿದವರು ಹೆಂಗಸರು ಎನ್ನುವುದನ್ನು ಗಮನಿಸಿ. ಅದೇ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. 2015-16ರಲ್ಲಿ ಇದು ಶೇಕಡ 21ರಷ್ಟಿತ್ತು. ಅಡುಗೆಮನೆಯಿಂದ ಹೊರಗೆ ಕಾಲಿಟ್ಟರೂ ಏಟು, ಒಳಗೆ ಇದ್ದು ಉಪ್ಪು ಮರೆತರೂ ಏಟು. 1990ರ ದಶಕದಲ್ಲಿ ‘ಸ್ಟೋವ್ ಸಿಡಿದು ಸಾವು’ ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಸುದ್ದಿಗಳನ್ನು ನನ್ನ ವಯಸ್ಸಿನವರು ಮರೆತಿಲ್ಲ. ಸಿಡಿಯುತ್ತಿದ್ದ ಸ್ಟೋವುಗಳೆಲ್ಲ ಸೊಸೆಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತಿದ್ದವು ಎಂದು ಬೆಂಗಳೂರಿನ ವಿಮೋಚನಾ ಮುಂತಾದ ಸಂಘಟನೆಗಳು ಕೇಳಿದ ಮೇಲೆಯೇ ಸಮಾಜ ಕಣ್ಣು ತೆರೆಯಿತು.

ಕಾನೂನು ಏನು ಹೇಳುತ್ತದೆ? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳ ಹೆಸರು ಹೇಳಿಯೇ ಬರೆದಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾವ ಪ್ರಜೆಗೂ ಅಲ್ಲಿ ಪ್ರವೇಶ ತಡೆಯುವಂತಿಲ್ಲ. ಜಾತಿಯ ಪಕ್ಕದಲ್ಲೇ ಲಿಂಗ ಎಂದೂ ಇದೆ. ಬಾಬಾಸಾಹೇಬರು ಮುಂದೆ ನಿಂತು ರೂಪಿಸಿದ ಸಂವಿಧಾನಕ್ಕೆ ಹೋಟೆಲಿನ ಬಾಗಿಲು ಸಣ್ಣ ವಿಷಯವಾಗಿ ಕಾಣಲಿಲ್ಲ.

ಅದರ ಬೆಲೆ ನಮ್ಮ ದಲಿತ ಅಕ್ಕಂದಿರಿಗೆ ಚೆನ್ನಾಗಿ ಗೊತ್ತು. ನಮ್ಮ ಸಂಘದ ಹಿರಿಯಳೊಬ್ಬಳು ಹೇಳುತ್ತಾಳೆ: ಅವಳು ಚಿಕ್ಕವಳಿದ್ದಾಗ ಹೋಟೆಲಿನ ಸೂರಿನ ಕೆಳಗೆ ತಮ್ಮ ಕೇರಿಯವರ ಲೋಟ ಬೇರೆ ಸಿಕ್ಕಿಸಿರುತ್ತಿತ್ತಂತೆ. ಅಪ್ಪ ಅದನ್ನು ತಾನೇ ತೊಳೆದು, ಹೊರಗೆ ಕೂತು ಕುಡಿದು, ಮತ್ತೆ ತೊಳೆದು ಸಿಕ್ಕಿಸಬೇಕು. ಅವ್ವನಿಗೆ ಆ ಲೋಟವೂ ಇರಲಿಲ್ಲ. ಅಸ್ಪೃಶ್ಯತೆಯ ಆಚರಣೆ 1955ರ ಕಾಯ್ದೆಯಿಂದಲೇ ಶಿಕ್ಷಾರ್ಹ ಅಪರಾಧ. ಆದರೂ ಲೋಟ ಕೆಳಗಿಳಿಯಲು ಎಷ್ಟು ಜನ ಎಷ್ಟು ವರ್ಷ ಬಡಿದಾಡಬೇಕಾಯಿತು! ಆದ್ದರಿಂದ ಹೋಟೆಲಿಗೆ ಹೋಗುವಾಗ ಮೇಲುಕೇರಿಯ ನಾಲ್ವರು ಹೆಂಗಸರು ಹೋಗಿ ಬಂದರೆ ಸಾಲದು. ಎಲ್ಲ ಕೇರಿಯವರೂ ಒಂದೇ ಬೆಂಚಿನ ಮೇಲೆ ಕೂತರೆ ಮಾತ್ರ ಅದು ಸಂಘ.

ನಾನು ಈ ವಿಷಯ ಸಂಘದಲ್ಲಿ ಎತ್ತಿದಾಗ ಮೊದಲು ಎಲ್ಲರೂ ನಕ್ಕರು. ಆಮೇಲೆ ಆಕ್ಷೇಪಣೆಗಳು ಬಂದವು. ಅವು ನ್ಯಾಯವಾದವೇ.

‘ವಾರಕ್ಕೆ ಐವತ್ತು ರೂಪಾಯಿ ಉಳಿಸೋಕೆ ಒದ್ದಾಡ್ತೀವಿ, ಹೋಟ್ಲಿಗೆ ದುಡ್ಡು ಹಾಕಾಕೆ ಆಗ್ತೈತಾ?’ ಎಂದು ಒಬ್ಬಳು ಕೇಳಿದಳು. ದಿನಾ ಹೋಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಯಾರ ದುಡ್ಡು ಹೋಟೆಲಿಗೆ ಹೋಗುತ್ತಿದೆ ಎಂದು ಲೆಕ್ಕ ಹಾಕಿದ್ದೀರಾ? ನಮ್ಮ ಸಂಘದ ಇನ್ನೊಬ್ಬಳು ಆ ಲೆಕ್ಕ ತೆಗೆದಳು. ಹೋಟೆಲಿನ ಉದ್ರಿ ಪುಸ್ತಕದಲ್ಲಿ ಗಂಡನ ಹೆಸರಿನಲ್ಲಿ 1,800 ರೂಪಾಯಿ ಬಾಕಿ ಇತ್ತು. ಅದನ್ನು ತೀರಿಸಿದ್ದು ಅವಳ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ. ಅವನ ಇಡ್ಲಿ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ, ಅವಳ ಇಡ್ಲಿ ದುಂದು ಆಗುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹೊಡೆತವನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ಹೆಣ್ಣಿಗೆ ಸಲ್ಲಬೇಕಾದ ಹಣ, ಮನೆವಾರ್ತೆಯ ಅಗತ್ಯ, ಸ್ತ್ರೀಧನ ಇವುಗಳಿಂದ ಅವಳನ್ನು ವಂಚಿಸುವುದನ್ನೂ ಆರ್ಥಿಕ ಹಿಂಸೆ ಎನ್ನುತ್ತದೆ.

‘ಮಾನವಂತರ ಮನೆ ಹೆಣ್ಮಕ್ಕಳು ಹೋಟ್ಲಲ್ಲಿ ಕೂರ್ತಾರಾ?’ ಎಂದು ಇನ್ನೊಬ್ಬಳು ಕೇಳಿದಳು. ಮಾನ ಎನ್ನುವುದು ಯಾರ ಕೈಯಲ್ಲಿರುವ ಬೀಗದ ಕೈ ಎಂದು ಯೋಚಿಸಿ. ಬೀದಿಯಲ್ಲಿ ಹೆಂಡತಿಯ ಜುಟ್ಟು ಹಿಡಿದು ಎಳೆದವನ ಮಾನ ಹೋಗುವುದಿಲ್ಲ. ಸಾಲಮಾಡಿದ ಮಾವನ ಕೈಯಿಂದ ಮೋಟಾರ್ ಸೈಕಲ್ ಕಿತ್ತುಕೊಂಡವನ ಮಾನ ಹೋಗುವುದಿಲ್ಲ. ತನ್ನ ದುಡಿಮೆಯ ನಲವತ್ತು ರೂಪಾಯಿಯಲ್ಲಿ ತಿಂಡಿ ತಿಂದವಳ ಮಾನ ಹೇಗೆ ಹೋಗುತ್ತದೆ?

ಮೂರನೆಯ ಆಕ್ಷೇಪಣೆಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ‘ನಾವು ಕೂತು ತಿಂತೀವಿ, ಹಿಂದ್ಗಡೆ ತಟ್ಟೆ ತೊಳೆಯೋಳೂ ಹೆಂಗ್ಸೇ ಅಲ್ವಾ?’ ಎಂದು ಕೇಳಿದರು. ನಿಜ. ಹೋಟೆಲಿನ ಹಿತ್ತಿಲಲ್ಲಿ ಹಿಟ್ಟು ರುಬ್ಬುವವಳು, ಈರುಳ್ಳಿ ಹೆಚ್ಚುವವಳು, ಪಾತ್ರೆ ಬೆಳಗುವವಳು ಹೆಂಗಸು. ಎಷ್ಟೋ ಕಡೆ ಅವಳು ಮಾಲೀಕನ ಹೆಂಡತಿ, ಕೂಲಿಯೂ ಇಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಗಂಡಸು. ನಾವು ಬೆಂಚಿನ ಮೇಲೆ ಕೂರುವುದು ಅವಳನ್ನು ಕಾಣುವುದಕ್ಕೂ ಆಗಬೇಕು. ಅವಳನ್ನು ಸಂಘಕ್ಕೆ ಕರೆಯುವುದಕ್ಕೂ ಆಗಬೇಕು.

ಕೊನೆಗೆ ಒಂದು ತಿಂಗಳು ಬ್ಯಾಂಕಿನ ಕೆಲಸ ಮುಗಿಸಿ ಹನ್ನೊಂದು ಜನ ಹೋಟೆಲಿಗೆ ಹೋದೆವು. ಬಾಗಿಲಲ್ಲಿ ಎಲ್ಲರ ಕಾಲೂ ತಡೆದವು. ಒಳಗೆ ಮಾತು ನಿಂತಿತು. ಒಬ್ಬಾತ, ‘ಏನಮ್ಮಾ, ಮನೇಲಿ ಒಲೆ ಆರಿಹೋತಾ?’ ಎಂದ. ಅದೇ ಹಿರಿಯಳು, ಲೋಟದ ಕತೆ ಹೇಳಿದವಳು, ‘ಒಲೆ ಹಚ್ಚಾಕೆ ಹತ್ತಿ ನಲವತ್ತು ವರ್ಷ ಆತಪ್ಪ. ಇವತ್ತು ಬ್ಯಾರೆಯೋರು ಹಚ್ಚಿದ್ದು ಉಣ್ಣಾನ ಅಂತ ಬಂದೀವಿ’ ಎಂದು ನಡು ಬೆಂಚಿನ ಮೇಲೆ ಕೂತಳು. ಮಾತಾಡಿದವನೇ ನಕ್ಕು ಜಾಗ ಬಿಟ್ಟ. ದೋಸೆ ಬಂತು. ಕಾವಲಿಯಿಂದ ನೇರವಾಗಿ ತಟ್ಟೆಗೆ ಬಂದ ದೋಸೆಯನ್ನು ಬಿಸಿ ಇರುವಾಗಲೇ ತಿಂದದ್ದು ಇದೇ ಮೊದಲು ಎಂದು ಇಬ್ಬರು ಹೇಳಿದರು. ಸಾವಿರಗಟ್ಟಲೆ ದೋಸೆ ಹುಯ್ದ ಕೈಗಳು ಅವು. ಒಬ್ಬಳು ಅರ್ಧ ತಿಂದು ಮಗನಿಗೆ ಕಟ್ಟಿಸಿಕೊಳ್ಳಲು ಹೊರಟಾಗ, ಇದನ್ನು ನೀನು ಪೂರ್ತಿ ತಿನ್ನು, ಅವನಿಗೆ ಬೇರೆ ಕಟ್ಟಿಸೋಣ ಎಂದೆವು.

ಅವತ್ತು ರಾತ್ರಿ ನಮ್ಮಲ್ಲೊಬ್ಬಳಿಗೆ ಏಟು ಬಿತ್ತು. ಇದನ್ನೂ ಮುಚ್ಚಿಡಬಾರದು. ‘ಜನ ಏನಂತಾರೆ’ ಎನ್ನುವುದು ಅವನ ವಾದ. ಮರುದಿನ ಬೆಳಿಗ್ಗೆ ಸಂಘದ ಆರು ಜನ ಅವರ ಮನೆಯ ಜಗಲಿಯ ಮೇಲೆ ಹೋಗಿ ಕೂತೆವು. ಬೈಯಲಿಲ್ಲ, ಕೂಗಾಡಲಿಲ್ಲ. ಕೈ ಎತ್ತಿದರೆ ಹಿಂದಿನ 498ಎ ಕಲಮಿನ ಜಾಗದಲ್ಲಿ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು ಇದೆ, ಕಾನೂನಿನ ಸಂಖ್ಯೆ ಬದಲಾಗಿದೆಯೇ ಹೊರತು ಕಾನೂನು ಹೋಗಿಲ್ಲ ಎಂದು ತಿಳಿಸಿದೆವು. ಆಕೆ ಈಗಲೂ ಸಂಘಕ್ಕೆ ಬರುತ್ತಾಳೆ. ಹೋಟೆಲಿಗೂ ಬರುತ್ತಾಳೆ. ಅವನು ಪೂರಾ ಬದಲಾಗಿದ್ದಾನೆ ಎಂದು ನಾನು ಹೇಳಲಾರೆ. ಆದರೆ ಅವಳ ಬೆನ್ನಿಗೆ ಜನ ಇದ್ದಾರೆ ಎಂದು ಅವನಿಗೆ ಗೊತ್ತಾಗಿದೆ.

ಒಂದೂವರೆ ಲಕ್ಷಕ್ಕೆ ಸಹಿ ಮಾಡಿದ ಹುಡುಗಿಗೆ ಬಂಗಾರ ವಾಪಸು ಬರಲಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಯಾರ ಕೈ ಸೇರಿದ್ದರೂ ಅದನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು, ಅದು ಅವಳದೇ ಸೊತ್ತು. ಈ ಮಾತನ್ನು ಅಂದು ಮರದ ಕೆಳಗೆ ಕೂತು ಅವಳಿಗೆ ಹೇಳಬೇಕಾಗಿದ್ದವಳು ನಾನು. ಹಸಿವಿನಲ್ಲಿ, ಗಾಬರಿಯಲ್ಲಿ ನನಗೂ ಅದು ಹೊಳೆಯಲಿಲ್ಲ. ಹಸಿದ ಹೆಂಗಸು ಬೇಗ ಒಪ್ಪಿಕೊಳ್ಳುತ್ತಾಳೆ. ಇದು ಎದುರು ಪಕ್ಷದವರಿಗೆ ಗೊತ್ತು. ನಮಗೂ ಗೊತ್ತಿರಬೇಕು.

ಆದ್ದರಿಂದ ನಮ್ಮ ಸಂಘ ಕೆಲವು ನಿರ್ಧಾರ ಮಾಡಿದೆ. ನಿಮ್ಮ ಸಂಘಗಳೂ ಯೋಚಿಸಲಿ. ಕೋರ್ಟಿಗೆ, ಠಾಣೆಗೆ, ಆಸ್ಪತ್ರೆಗೆ ಹೋಗುವ ಹೆಂಗಸಿನ ಜೊತೆ ಇಬ್ಬರು ಹೋಗಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ಆ ಉಳಿದ ದುಡ್ಡು ಮೂವರ ಊಟಕ್ಕೆ. ಸಂಘದ ಉಳಿತಾಯದಲ್ಲಿ ಇದಕ್ಕೆಂದೇ ಸ್ವಲ್ಪ ಹಣ ಬೇರೆ ತೆಗೆದಿಡಬೇಕು. ರಾಜಿಯ ಮಾತು ಹೋಟೆಲಿನಲ್ಲಿ ನಡೆಯುವುದಾದರೆ ಅವಳೂ ಅದೇ ಮೇಜಿಗೆ ಕೂರಬೇಕು, ಅವಳ ತಟ್ಟೆಯೂ ಅಲ್ಲಿಗೆ ಬರಬೇಕು. ಉಣ್ಣದೆ ಯಾವ ಕಾಗದಕ್ಕೂ ಸಹಿ ಮಾಡಬಾರದು, ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬಾರದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇದ್ದರೂ, ಪುಕ್ಕಟೆ ವಕೀಲರು ಸಿಗುತ್ತಾರೆ. ಅಪಾಯದ ಹೊತ್ತಿನಲ್ಲಿ 181ಕ್ಕೆ ಅಥವಾ 112ಕ್ಕೆ ಫೋನ್ ಮಾಡಬೇಕು. ಹೋಟೆಲಿನವರಿಗೂ ಒಂದು ಮಾತು: ಪರದೆಯ ಮೂಲೆ ನಮಗೆ ಬೇಡ, ಹೆಂಗಸರಿಗೆ ಒಂದು ಚೊಕ್ಕ ಶೌಚಾಲಯ ಕಟ್ಟಿಸಿ. ಅದಿಲ್ಲವೆಂದೇ ಎಷ್ಟೋ ಹೆಂಗಸರು ದಿನವಿಡೀ ನೀರೂ ಕುಡಿಯದೆ ಇರುತ್ತಾರೆ.

ಕಳೆದ ತಿಂಗಳು ನಮ್ಮ ಹೋಬಳಿಯ ಇನ್ನೊಬ್ಬಳ ಕೇಸಿತ್ತು. ಮೂವರು ಹೋಗಿದ್ದೆವು. ಹನ್ನೆರಡಕ್ಕೆ ಅದೇ ಎದುರಿನ ಹೋಟೆಲಿಗೆ ಹೋಗಿ ಅನ್ನ ಸಾರು ಉಂಡೆವು. ಪಕ್ಕದ ಮೇಜಿನಲ್ಲಿ ಗಂಡನ ಕಡೆಯವರು ಕೂತಿದ್ದರು. ಮಾತು ಇಲ್ಲಿಯೇ ಮುಗಿಸೋಣ ಎಂದರು. ಅವಳು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ‘ಬಂಗಾರ ಎಲ್ಲೈತೆ, ಅದನ್ನ ಮೊದ್ಲು ಹೇಳ್ರಿ’ ಎಂದಳು. ಸಹಿ ಮಾಡಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ.